ಎಸ್ತೇರಳ ಮೊದಲ ಉತ್ತರ 'ಆಗುವುದಿಲ್ಲ' ಎಂದೇ ಇತ್ತು

ಪ್ರಶ್ನೆ: ಮೇಡಂ, ಯೇಸುವಿನ ನಾಮದಲ್ಲಿ ವಂದನೆಗಳು. ನಾನು ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಲೈನ್ ಸೂಪರ್‌ವೈಸರ್. ಟೈಲರ್ ಆಗಿ ಸೇರಿ ಮೇಲೆ ಬಂದವಳು. ನಮ್ಮ ಲೈನಿನ ಹೆಂಗಸರ ಸಂಬಳದಲ್ಲಿ ಪ್ರತಿ ತಿಂಗಳೂ ಪಿಎಫ್ ಹಿಡಿಯುತ್ತಾರೆ, ಆದರೆ ಕೆಲವು ತಿಂಗಳಿಂದ ಅದು ಖಾತೆಗೆ ಜಮಾ ಆಗಿಲ್ಲ. ಓಟಿ ಗಂಟೆಗಳನ್ನೂ ಸರಿಯಾಗಿ ಬರೆಯುತ್ತಿಲ್ಲ. "ಅಕ್ಕಾ, ನೀನು ಹೇಳಿದರೆ ಮ್ಯಾನೇಜರ್ ಕೇಳ್ತಾರೆ, ಮಾತಾಡು" ಎಂದು ಎಲ್ಲರೂ ನನ್ನ ಮುಖ ನೋಡುತ್ತಾರೆ. ನಮ್ಮ ಯಜಮಾನರಿಗೆ ಡಯಾಲಿಸಿಸ್ ನಡೆಯುತ್ತಿದೆ, ಅದು ನನ್ನ ಇಎಸ್‌ಐ (ಕಾರ್ಮಿಕರ ವಿಮೆ) ಮೇಲೆ ನಿಂತಿದೆ. ಕೆಲಸ ಹೋದರೆ ನಮ್ಮ ಗತಿ? ಮಹಿಳಾ ಭಾನುವಾರದ ಪ್ರಸಂಗದಲ್ಲಿ ನಮ್ಮ ಸಭೆಯ ಅಯ್ಯನವರು "ನೀವೆಲ್ಲ ಎಸ್ತೇರಳಂತೆ ಎದ್ದು ನಿಲ್ಲಬೇಕು" ಎಂದರು. ಮ್ಯಾನೇಜರ್ ಕ್ಯಾಬಿನ್ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದೇನೆ. ನನ್ನ ವಿಶ್ವಾಸ ಅಷ್ಟು ಕಡಿಮೆಯೇ? ಭಯಪಡುವುದು ಪಾಪವೇ? ಸುಮ್ಮನಿದ್ದರೆ ದೇವರು ಲೆಕ್ಕ ಕೇಳುತ್ತಾನೆಯೇ?

ಉತ್ತರ: ಭಯಪಡುವುದು ಪಾಪವಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ಮೊದಲೇ ಉತ್ತರ ಕೊಡುತ್ತಿದ್ದೇನೆ, ಏಕೆಂದರೆ ಅದು ಮನಸ್ಸಿನಲ್ಲಿ ಕೂತಿರುವ ತನಕ ಉಳಿದ ಎರಡರ ಬಗ್ಗೆ ನೆಟ್ಟಗೆ ಯೋಚಿಸಲು ಆಗುವುದಿಲ್ಲ. ಬಾಗಿಲ ತನಕ ಹೋಗಿ ವಾಪಸ್ ಬಂದೆ ಎಂದು ನಾಚಿಕೆಯಿಂದ ಬರೆದಿದ್ದೀರಿ. ಎಸ್ತೇರಳು ಬಾಗಿಲ ತನಕವೂ ಹೋಗಿರಲಿಲ್ಲ. ಒಳಮನೆಯಲ್ಲಿ ಕೂತು "ನನ್ನಿಂದ ಆಗುವುದಿಲ್ಲ" ಎಂದು ಹೇಳಿ ಕಳಿಸಿದ್ದಳು.

ಪ್ರಸಂಗಗಳಲ್ಲಿ ನಾವು ಕೇಳುವುದು ಅವಳ ಒಂದೇ ಮಾತನ್ನು: "ಸತ್ತರೆ ಸಾಯುತ್ತೇನೆ." ಅದು ಬೈಬಲಿನ ಎಸ್ತೇರಳು ಪುಸ್ತಕದ ನಾಲ್ಕನೇ ಅಧ್ಯಾಯದ 16ನೇ ವಚನ. ಅದೇ ಅಧ್ಯಾಯದ 11ನೇ ವಚನವನ್ನು ಓದುವವರು ಕಡಿಮೆ. ಇವತ್ತು ರಾತ್ರಿ ಕೆಲಸ ಮುಗಿದ ಮೇಲೆ ನಾಲ್ಕನೇ ಅಧ್ಯಾಯವನ್ನು ಮೊದಲಿಂದ ಓದಿ. ಬರೀ 17 ವಚನ. ನಾನು ಹಳೇ ಒಡಂಬಡಿಕೆ ಪಾಠ ಮಾಡುವವಳು. ಸಾಹಸದ ಬಗ್ಗೆ ಯಾರಾದರೂ ಕೇಳಿದರೆ ಕಳಿಸುವುದು ದಾವೀದ ಗೊಲ್ಯಾತರ ಕಥೆಗಲ್ಲ, ಈ ಅಧ್ಯಾಯಕ್ಕೆ.

ಸನ್ನಿವೇಶ ಇದು. ಪಾರಸಿಯ ರಾಜಧಾನಿ ಶೂಷನ್, ಇವತ್ತಿನ ಇರಾನಿನ ಶೂಶ್ ಪಟ್ಟಣ. ಅರಸ ಅಹಷ್ವೇರೋಷ. ಇತಿಹಾಸದಲ್ಲಿ ಕ್ಸೆರ್ಕ್ಸಸ್ ಎಂದು ಹೆಸರಾದವನು ಇವನೇ ಎಂದು ಬಹಳ ವಿದ್ವಾಂಸರು ಗುರುತಿಸುತ್ತಾರೆ, ಕ್ರಿ.ಪೂ. 486ರಿಂದ 465ರವರೆಗೆ ಆಳಿದವನು. ಹಿಂದೂಸ್ಥಾನದಿಂದ ಕೂಷಿನವರೆಗೆ 127 ಸಂಸ್ಥಾನಗಳು ಅವನ ಕೈಕೆಳಗೆ. ಮಂತ್ರಿ ಹಾಮಾನ ಯೆಹೂದ್ಯರನ್ನೆಲ್ಲ ಒಂದೇ ದಿನ ಮುಗಿಸಲು ಅರಸನ ಮುದ್ರೆ ಒತ್ತಿಸಿ ಆಜ್ಞಾಪತ್ರ ಹೊರಡಿಸಿದ್ದಾನೆ. ಅರಸನ ರಾಣಿ ಎಸ್ತೇರಳು ಯೆಹೂದ್ಯಳು ಎಂಬುದು ಅರಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಬೇಡ ಎಂದಿದ್ದವನು ಅವಳನ್ನು ಸಾಕಿದ ಮೊರ್ದೆಕೈಯೇ.

ಅವಳು ಆ ಅರಮನೆಗೆ ಬಂದದ್ದಾದರೂ ಹೇಗೆ? ಭಾನುವಾರ ಶಾಲೆಯಲ್ಲಿ ನಮಗೆ ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದ ಹುಡುಗಿ ಎಂಬಂತೆ ಹೇಳಿಕೊಟ್ಟರು. ಎರಡನೇ ಅಧ್ಯಾಯ ಹೇಳುವುದು ಬೇರೆ. ರಾಜ್ಯದ ಮೂಲೆಮೂಲೆಯಿಂದ ಅಧಿಕಾರಿಗಳು ಕನ್ಯೆಯರನ್ನು ಕಲೆಹಾಕಿದರು, ಎಸ್ತೇರಳನ್ನೂ ಕರೆದೊಯ್ಯಲಾಯಿತು. ಬರುತ್ತೀಯಾ ಎಂದು ಅವಳನ್ನು ಯಾರೂ ಕೇಳಲಿಲ್ಲ. ಹನ್ನೆರಡು ತಿಂಗಳು ತೈಲ, ಸುಗಂಧ. ಆಮೇಲೆ ಅರಸನ ಬಳಿ ಒಂದು ರಾತ್ರಿ. ಅವನು ಹೆಸರು ಹಿಡಿದು ಕರೆಸಿದರೆ ಮಾತ್ರ ಇನ್ನೊಮ್ಮೆ. ತಂದೆತಾಯಿ ಇಲ್ಲದ, ಪರದೇಶದಲ್ಲಿ ಬೆಳೆದ, ತನ್ನ ಮೈಮೇಲೂ ತನಗೆ ಅಧಿಕಾರವಿಲ್ಲದ ಒಬ್ಬ ಹುಡುಗಿಯ ಹತ್ತಿರ ಈ ಕಥೆ ಸಾಹಸ ಕೇಳುತ್ತಿದೆ. ಆದ್ದರಿಂದಲೇ ವೇದಿಕೆಯ ಮೇಲಿಂದ "ಎಸ್ತೇರಳಂತೆ ಆಗಿ" ಎಂದು ಸಲೀಸಾಗಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು.

ಈಗ ನಾಲ್ಕನೇ ಅಧ್ಯಾಯ. ಮೊರ್ದೆಕೈ ಬಟ್ಟೆ ಹರಿದುಕೊಂಡು, ಗೋಣಿತಟ್ಟು ಸುತ್ತಿಕೊಂಡು, ಅರಮನೆ ಬಾಗಿಲ ಮುಂದೆ ಗೋಳಾಡುತ್ತಿದ್ದಾನೆ. ಸುದ್ದಿ ಒಳಗೆ ಹೋದಾಗ ಎಸ್ತೇರಳು ಮಾಡುವ ಮೊದಲ ಕೆಲಸ ಅವನಿಗೆ ಒಳ್ಳೆ ಬಟ್ಟೆ ಕಳಿಸುವುದು. ಗೋಣಿತಟ್ಟು ತೆಗೆದು ಇದನ್ನು ಹಾಕಿಕೊ, ಸುಮ್ಮನಾಗು ಎಂದು. ಅವನು ತೆಗೆದುಕೊಳ್ಳುವುದಿಲ್ಲ. ಆಗ ಹತಾಕನೆಂಬ ಕಂಚುಕಿಯನ್ನು ಕಳಿಸಿ ಏನಾಯಿತೆಂದು ವಿಚಾರಿಸುತ್ತಾಳೆ. ಮುಂದಿನ ಮಾತುಕತೆಯೆಲ್ಲ ಈ ಹತಾಕನ ಮೂಲಕವೇ. ಅವಳು ಒಳಗೆ, ಅವನು ಹೊರಗೆ, ನಡುವೆ ಒಬ್ಬ ನೌಕರ ಓಡಾಡುತ್ತಿದ್ದಾನೆ.

ಮೊರ್ದೆಕೈ ಹತಾಕನ ಕೈಗೆ ಏನು ಕೊಟ್ಟ ನೋಡಿ. ಹಾಮಾನ ಖಜಾನೆಗೆ ಎಷ್ಟು ಬೆಳ್ಳಿ ಕೊಡುತ್ತೇನೆ ಎಂದಿದ್ದನೋ ಆ ಮೊತ್ತ ಹೇಳಿದ. ಶೂಷನ್‌ನಲ್ಲಿ ಪ್ರಕಟವಾದ ಆಜ್ಞೆಯ ಒಂದು ಪ್ರತಿಯನ್ನೂ ಕೊಟ್ಟ, ಅವಳಿಗೆ ತೋರಿಸಿ ವಿವರಿಸು ಎಂದು. ನನಗೆ ಈ ಅಧ್ಯಾಯದಲ್ಲಿ ಅತ್ಯಂತ ಇಷ್ಟವಾದ ವಚನ ಇದು, ಎಂಟನೆಯದು. ಹೆದರಬೇಡ ಎಂಬ ಉಪದೇಶಕ್ಕೆ ಮೊದಲು ಅವಳ ಕೈಗೆ ಕಾಗದ ಬಂತು.

ಅವಳ ಉತ್ತರ 11ನೇ ವಚನದಲ್ಲಿದೆ. ಕರೆಯದೆ ಒಳಗಣ ಅಂಗಳಕ್ಕೆ ಹೋದವರಿಗೆ ಒಂದೇ ಕಾನೂನು, ಮರಣ. ಅರಸ ಸುವರ್ಣದಂಡ ಚಾಚಿದರೆ ಮಾತ್ರ ಬದುಕು. ನನ್ನನ್ನಂತೂ ಅರಸ 30 ದಿನದಿಂದ ಕರೆದಿಲ್ಲ. ಇದನ್ನು ಅಂಜುಬುರುಕತನ ಎಂದು ಓದಬೇಡಿ. ನಿಯಮವೇನು, ರಿಯಾಯಿತಿ ಏನು, ಈಗ ತನ್ನ ಸ್ಥಾನಮಾನ ಎಷ್ಟು ಎಂಬುದನ್ನು ಅವಳು ಲೆಕ್ಕ ಹಾಕಿ ಹೇಳುತ್ತಿದ್ದಾಳೆ. ಪಾರಸಿ ಅರಸರ ಇನ್ನೊಂದು ಅರಮನೆ ಪಟ್ಟಣವಾದ ಪರ್ಸೆಪೊಲಿಸ್‌ನಲ್ಲಿ ಸಿಕ್ಕ ಒಂದು ಪ್ರಸಿದ್ಧ ಉಬ್ಬುಶಿಲ್ಪವಿದೆ: ಪಾರಸಿಯ ಅರಸ ಎತ್ತರದ ಆಸನದಲ್ಲಿ ಕೂತು ಉದ್ದನೆಯ ದಂಡ ಹಿಡಿದಿದ್ದಾನೆ, ಎದುರಿಗೆ ಎರಡು ಧೂಪದ ಸ್ತಂಭಗಳು, ಅವುಗಳಾಚೆ ಅಧಿಕಾರಿಯೊಬ್ಬ ಬಾಯಿಗೆ ಕೈ ಹಿಡಿದು ಮುಂದಕ್ಕೆ ಬಾಗಿದ್ದಾನೆ. ಅರಸನ ಹಿಂದೆ ಕೊಡಲಿ ಹಿಡಿದವನು ನಿಂತಿದ್ದಾನೆ. ಕಲ್ಲಿನಲ್ಲಿ ನೋಡಿದರೇ ಮೈ ಜುಮ್ಮೆನ್ನುತ್ತದೆ. ಆ ಜಾಗಕ್ಕೆ ಕರೆಯದೆ ಹೋಗಲು ಹೆದರದವಳು ಬುದ್ಧಿ ನೆಟ್ಟಗಿದ್ದವಳಾಗಿರಲಾರಳು.

ನಿಮ್ಮ ಡಯಾಲಿಸಿಸ್ ಲೆಕ್ಕವೂ ಈ 30 ದಿನದ ಲೆಕ್ಕದಂಥದ್ದೇ. ಅದನ್ನು ಅವಿಶ್ವಾಸ ಎಂದು ಕರೆದುಕೊಳ್ಳಬೇಡಿ.

ಆಮೇಲೆ ಮೊರ್ದೆಕೈಯ ಮರುಮಾತು. ಅರಮನೆಯಲ್ಲಿರುವುದರಿಂದ ನೀನೊಬ್ಬಳು ಪಾರಾಗುತ್ತೀ ಎಂದುಕೊಳ್ಳಬೇಡ. ನೀನು ಈಗ ಸುಮ್ಮನಿದ್ದರೆ ಯೆಹೂದ್ಯರಿಗೆ ಬಿಡುಗಡೆ ಬೇರೆ ಕಡೆಯಿಂದ ಬಂದೀತು, ಆದರೆ ನೀನೂ ನಿನ್ನ ತಂದೆಯ ಮನೆಯೂ ನಾಶವಾಗುವಿರಿ. ಇಂಥ ಸಮಯಕ್ಕಾಗಿಯೇ ನೀನು ಪಟ್ಟಕ್ಕೆ ಬಂದಿರಬಹುದೇನೋ, ಯಾರು ಬಲ್ಲರು? ಕೊನೆಯ ಮಾತನ್ನು ನಾವು ಕ್ಯಾಲೆಂಡರ್ ಮೇಲೆ ಅಚ್ಚು ಹಾಕಿ ವಾಗ್ದಾನ ಮಾಡಿಬಿಟ್ಟಿದ್ದೇವೆ. ಅವನು ಹೇಳಿದ್ದು ಪ್ರಶ್ನೆಯಾಗಿ. ದೇವರು ನಿನ್ನನ್ನು ಇದಕ್ಕಾಗಿಯೇ ಇಟ್ಟಿದ್ದಾನೆ ಎಂದು ಖಡಾಖಂಡಿತವಾಗಿ ಹೇಳುವ ಧೈರ್ಯ ಮೊರ್ದೆಕೈಗೂ ಇರಲಿಲ್ಲ. ಇಡೀ ಪುಸ್ತಕದ ಇಬ್ರಿಯ ಮೂಲದಲ್ಲಿ ದೇವರ ಹೆಸರೇ ಇಲ್ಲ, ಅದೂ ನಿಮಗೆ ಗೊತ್ತಿರಲಿ. ಕನಸಿಲ್ಲ, ದೇವದೂತನಿಲ್ಲ, ಪ್ರವಾದಿಯಿಲ್ಲ. ಎಸ್ತೇರಳ ಪ್ರಾರ್ಥನೆ ಬರುವುದು ನಂತರ ಗ್ರೀಕಿನಲ್ಲಿ ಸೇರಿದ ಭಾಗಗಳಲ್ಲಿ. ಕಥೋಲಿಕ ಬೈಬಲ್‌ಗಳಲ್ಲಿ ಅವು ಇವೆ, ನಮ್ಮ ನಿಮ್ಮ ಪ್ರಾಟೆಸ್ಟೆಂಟ್ ಬೈಬಲ್‌ನಲ್ಲಿ ಇಲ್ಲ. "ದೇವರಿಂದ ಒಂದು ಸೂಚನೆ ಸಿಕ್ಕರೆ ಹೋಗುತ್ತೇನೆ" ಎಂದು ಕಾಯುತ್ತಿದ್ದರೆ, ಇವಳಿಗೆ ಅಂಥದ್ದೇನೂ ಸಿಕ್ಕಿರಲಿಲ್ಲ.

ಮೊರ್ದೆಕೈಯ ಮೊದಲ ಮಾತಿಗೆ ವಾಪಸ್ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಒಂದು ವಿಷಯ ಕಾಣಲಿಲ್ಲ. ಲೈನಿನ ಹೆಂಗಸರ ಪಿಎಫ್ ಬಗ್ಗೆ ಬರೆದಿದ್ದೀರಿ, ನಿಮ್ಮ ಪಿಎಫ್ ಬಗ್ಗೆ ಒಂದು ಅಕ್ಷರವೂ ಇಲ್ಲ. ನಿಮ್ಮ ಪಾಸ್‌ಬುಕ್ ನೋಡಿದ್ದೀರಾ? ಇನ್ನೂ ಮುಖ್ಯವಾದದ್ದು: ಪಿಎಫ್ ಹಿಡಿದು ಕಟ್ಟದೇ ಇರುವವರು ಇಎಸ್‌ಐ ಕಂತನ್ನು ಮಾತ್ರ ತಪ್ಪದೆ ಕಟ್ಟುತ್ತಿದ್ದಾರೆ ಎಂದು ಯಾವ ಭರವಸೆ? ನಿಮ್ಮ ಯಜಮಾನರ ಚಿಕಿತ್ಸೆಯನ್ನು ಉಳಿಸಿಕೊಳ್ಳಲು ಸುಮ್ಮನಿದ್ದೀರಿ. ಆದರೆ ನೀವು ಸುಮ್ಮನಿರುವಾಗಲೇ ಅದೂ ನಿಂತುಹೋಗಬಹುದು. ಹೆದರಿಸಲು ಹೇಳುತ್ತಿಲ್ಲ. ಎಸ್ತೇರಳ ಮನಸ್ಸು ತಿರುಗಿದ್ದು ಇದೇ ಜಾಗದಲ್ಲಿ. ಅಲ್ಲಿಯ ತನಕ ಅದು ಹೊರಗಿನವರ ಕಷ್ಟ, ತನ್ನದು ಅವರಿಗೆ ಮಾಡಬೇಕಾದ ಉಪಕಾರ. ಅಲ್ಲಿಂದಾಚೆಗೆ ಅವಳೂ ಆ ಪಟ್ಟಿಯಲ್ಲಿ ಒಬ್ಬಳು. ಇಎಸ್‌ಐ ಸ್ಥಳೀಯ ಕಚೇರಿಯಲ್ಲಿ ನಿಮ್ಮ ನಂಬರ್ ಕೊಟ್ಟು ಕಂತು ಎಲ್ಲಿಯವರೆಗೆ ಬಂದಿದೆ ಎಂದು ಕೇಳಿ. ಕಂತಿನ ಅವಧಿ, ಸೌಲಭ್ಯದ ಅವಧಿ ಬೇರೆ ಬೇರೆ. ಒಂದು ವೇಳೆ ಕೆಲಸ ಹೋದರೆ ಎಲ್ಲಿಯವರೆಗೆ ಚಿಕಿತ್ಸೆ ಸಿಗುತ್ತದೆ ಎಂಬುದನ್ನೂ ಅಲ್ಲೇ ತಿಳಿದುಕೊಳ್ಳಿ. ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗುವ ಮೊದಲು ಆಗಬೇಕಾದ ಕೆಲಸ ಇದು.

ಇನ್ನು "ಸತ್ತರೆ ಸಾಯುತ್ತೇನೆ" ಎಂಬ ಮಾತು. ಆ ಮಾತಿನ ಹಿಂದೆ ಒಂದು ಷರತ್ತು ಇದೆ, ಅದನ್ನು ಕತ್ತರಿಸಿ ಬಿಟ್ಟು ಪ್ರಸಂಗ ಮಾಡುತ್ತೇವೆ. ಹೋಗು, ಶೂಷನ್‌ನಲ್ಲಿರುವ ಯೆಹೂದ್ಯರನ್ನೆಲ್ಲ ಕೂಡಿಸು, ನನಗಾಗಿ ಮೂರು ದಿನ ಹಗಲೂ ರಾತ್ರಿ ಅನ್ನ ನೀರು ಬಿಡಿ, ನಾನೂ ನನ್ನ ದಾಸಿಯರೂ ಹಾಗೇ ಮಾಡುತ್ತೇವೆ, ಆಮೇಲೆ ಹೋಗುತ್ತೇನೆ. ತನ್ನನ್ನು ಮುಂದೆ ತಳ್ಳಿದವನಿಗೇ ಅವಳು ಕೆಲಸ ಹಚ್ಚಿದಳು. ಅಧ್ಯಾಯ ಮುಗಿಯುವುದು ಮೊರ್ದೆಕೈ ಎಸ್ತೇರಳ ಅಪ್ಪಣೆಯಂತೆ ಮಾಡಿದ ಎಂಬ ಮಾತಿನಿಂದ. ಅಲ್ಲಿಯವರೆಗೆ ಅವನು ಹೇಳಿದ್ದನ್ನು ಇವಳು ಕೇಳುತ್ತಿದ್ದಳು, ಅಲ್ಲಿ ತಿರುವುಮುರುವಾಯಿತು. ಹಾಮಾನನ ಆಜ್ಞೆ ಬರೆಸಿದ್ದು ಮೊದಲ ತಿಂಗಳ 13ನೇ ದಿನ. ಕೂಡಲೇ ಉಪವಾಸ ಹಿಡಿದಿದ್ದರೆ ಅದು ಮರುದಿನ ರಾತ್ರಿಯ, ಯೆಹೂದ್ಯರ ದೊಡ್ಡ ಹಬ್ಬವಾದ ಪಸ್ಕಹಬ್ಬದ ಊಟದ ಮೇಲೇ ಬಂದಿರಬೇಕು ಎಂದು ಯೆಹೂದಿ ರಬ್ಬಿಗಳು ಬಹಳ ಹಿಂದೆಯೇ ಗಮನಿಸಿದ್ದಾರೆ. ಹಬ್ಬದ ಊಟ ಬಿಟ್ಟು ಊರಿಗೆ ಊರೇ ಒಬ್ಬ ಹೆಣ್ಣಿನ ಬೆನ್ನಿಗೆ ನಿಂತಿತು ಎಂದಾಯಿತು.

ನಿಮ್ಮ ವಿಶ್ವಾಸ ಕಡಿಮೆಯೇ ಎಂದು ಕೇಳಿದಿರಲ್ಲ, ನಾನು ತಿರುಗಿ ಕೇಳುತ್ತೇನೆ: "ಅಕ್ಕಾ ನೀನು ಮಾತಾಡು" ಎಂದವರಲ್ಲಿ ನಿಮ್ಮ ಜೊತೆ ಬರುತ್ತೇವೆ ಎಂದವರು ಎಷ್ಟು ಮಂದಿ? ಈ ಕಥೆಯಲ್ಲಿ ವಿಶ್ವಾಸ ಎಂಬುದು ಒಬ್ಬಳ ಎದೆಯೊಳಗೆ ಎಷ್ಟಿದೆ ಎಂದು ಅಳೆಯುವ ವಸ್ತುವಲ್ಲ. ಅವಳ ಪಾಲಿನದು ಕಡಿಮೆ ಬಿದ್ದಾಗ ಉಳಿದವರು ಹೊಟ್ಟೆ ಕಟ್ಟಿ ತುಂಬಿಕೊಟ್ಟರು.

ಮೂರನೇ ದಿನ ಅವಳು ಹೋದ ರೀತಿಯೂ ಗಮನಿಸುವಂಥದ್ದು. ಅಳುತ್ತಾ ಹೋಗಲಿಲ್ಲ. ರಾಜವಸ್ತ್ರ ಉಟ್ಟು, ಅರಸನಿಗೆ ಕಾಣುವಂತೆ ಅಂಗಳದಲ್ಲಿ ನಿಂತಳು. ದಂಡ ಚಾಚಿದ. ಅರ್ಧರಾಜ್ಯ ಬೇಕಾದರೂ ಕೊಡುತ್ತೇನೆ, ಏನು ಬೇಕು ಹೇಳು ಎಂದ. ನಾನಾಗಿದ್ದರೆ ಅಲ್ಲೇ ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಡುತ್ತಿದ್ದೆ. ಅವಳು, ಹಾಮಾನನ ಜೊತೆ ಊಟಕ್ಕೆ ಬನ್ನಿ ಎಂದಳು. ಊಟದಲ್ಲಿ ಮತ್ತೆ ಕೇಳಿದ. ನಾಳೆಯೂ ಬನ್ನಿ, ಆಗ ಹೇಳುತ್ತೇನೆ ಎಂದಳು. ಯಾಕೆ ಮುಂದೂಡಿದಳು? ಪಠ್ಯ ಕಾರಣ ಕೊಡುವುದಿಲ್ಲ. ಇನ್ನೂ ಧೈರ್ಯ ಸಾಲದೆ ಎನ್ನುವವರಿದ್ದಾರೆ, ಸಮಯ ನೋಡುತ್ತಿದ್ದಳು ಎನ್ನುವವರಿದ್ದಾರೆ. ಎರಡೂ ಒಟ್ಟಿಗೇ ಇದ್ದಿರಬಹುದು ಎಂಬುದು ನನ್ನ ಅನಿಸಿಕೆ. ಆ ರಾತ್ರಿಯೇ ಅರಸನಿಗೆ ನಿದ್ದೆ ಬಾರದೆ ದಿನಚರಿ ಓದಿಸಿದ್ದು, ಮೊರ್ದೆಕೈ ಹಿಂದೊಮ್ಮೆ ತನ್ನ ಜೀವ ಉಳಿಸಿದ್ದು ಗೊತ್ತಾದದ್ದು. ತಡಮಾಡಿದ ಒಂದು ದಿನ ವ್ಯರ್ಥವಾಗಲಿಲ್ಲ. ನೀವು ಬಾಗಿಲಿಂದ ವಾಪಸ್ ಬಂದದ್ದೂ ಹಾಗೇ ಇರಬಹುದು. ಕೈಯಲ್ಲಿ ಕಾಗದವಿಲ್ಲದೆ, ಜೊತೆಗೆ ಯಾರೂ ಇಲ್ಲದೆ ಒಳಗೆ ಹೋಗಿದ್ದರೆ ಏನಾಗುತ್ತಿತ್ತೋ.

ಎರಡನೇ ಊಟದಲ್ಲಿ ಅವಳು ಬಾಯಿ ತೆರೆದಾಗ ಬಳಸುವ ಮಾತು ಕೇಳಿ: ನಾನೂ ನನ್ನ ಜನರೂ ಸಂಹಾರಕ್ಕೆ, ಕೊಲೆಗೆ, ನಾಶಕ್ಕೆ ಮಾರಲ್ಪಟ್ಟಿದ್ದೇವೆ. ಒಂದೇ ಅರ್ಥದ ಮೂರು ಕ್ರಿಯೆ. ಮೂರನೇ ಅಧ್ಯಾಯಕ್ಕೆ ತಿರುಗಿಸಿದರೆ ಹಾಮಾನನ ಆಜ್ಞಾಪತ್ರದಲ್ಲಿ ಇವೇ ಮೂರು ಕ್ರಿಯೆ, ಇದೇ ಸಾಲಾಗಿ ಇವೆ. ಮೊರ್ದೆಕೈ ಕಳಿಸಿದ ಪ್ರತಿಯನ್ನು ಅವಳು ಬಾಯಿಪಾಠ ಬರುವಷ್ಟು ಓದಿದ್ದಾಳೆ! ಮುದ್ರೆ ಒತ್ತಿದ್ದು ಅರಸನ ಉಂಗುರವೇ ಆದರೂ ಅರಸನ ಮೇಲೆ ಬೆರಳು ತೋರಿಸಲಿಲ್ಲ. ಯಾರವನು ಎಂದು ಅವನೇ ಕೇಳುವ ತನಕ ಹೆಸರನ್ನೂ ಎತ್ತಲಿಲ್ಲ. ಮತ್ತೆ, "ಅವರು" ಎನ್ನಲಿಲ್ಲ, "ನಾನೂ ನನ್ನ ಜನರೂ" ಎಂದಳು.

ನೀವೂ ಕಾಗದದಿಂದ ಶುರುಮಾಡಿ. ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿದರೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ಸಿಗುತ್ತದೆ. ಒಬ್ಬೊಬ್ಬರೂ ತಮ್ಮದನ್ನು ತೆಗೆದು, ಅದೇ ತಿಂಗಳ ಸಂಬಳ ಚೀಟಿಯ ಪಕ್ಕ ಇಡಲಿ. ಹಿಡಿದ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ಹಿಡಿದು ಕಟ್ಟದಿರುವುದು ಕಾನೂನಿನ ಕಣ್ಣಿನಲ್ಲಿ ನಂಬಿಕೆದ್ರೋಹದ ಅಪರಾಧ. ಓಟಿಗೆ ದುಪ್ಪಟ್ಟು ಕೂಲಿ ಎಂಬುದು 1948ರ ಕಾರ್ಖಾನೆ ಕಾಯ್ದೆಯಿಂದಲೂ ಇರುವ ನಿಯಮ. ಗಂಟೆಗಂಟೆಯ ಪ್ರೊಡಕ್ಷನ್ ಶೀಟ್ ಬರೆಯುವವರು ನೀವು. ಯಾರು ಎಷ್ಟು ಹೊತ್ತು ಮಷಿನ್ ಮುಂದೆ ಕೂತಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಸುಳ್ಳು ಗಂಟೆಗಳಿಗೆ ನಿಮ್ಮಿಂದಲೇ ಸಹಿ ಹಾಕಿಸುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ, ಅಲ್ಲಿ ನೀವು ಬರೀ ಸಾಕ್ಷಿಯಾಗಿ ಉಳಿಯುವುದಿಲ್ಲ. ಪಿಎಫ್ ಕಚೇರಿಗೆ ಆನ್‌ಲೈನ್ ದೂರು ಕೊಡಲು ಮ್ಯಾನೇಜರ್ ಕ್ಯಾಬಿನ್ ದಾಟಬೇಕಾಗಿಯೇ ಇಲ್ಲ. ಕ್ಯಾಬಿನ್ನಿಗೆ ಹೋಗಲೇಬೇಕೆಂದರೆ ಐದಾರು ಜನ ಸಹಿ ಹಾಕಿದ ಅರ್ಜಿ ಹಿಡಿದು ಒಟ್ಟಿಗೆ ಹೋಗಿ, ಸ್ವೀಕೃತಿ ಪಡೆದುಕೊಳ್ಳಿ. ಯೂನಿಯನ್ ಇದ್ದರೆ ಅವರನ್ನು ಕಾಣಿ. ಯೂನಿಯನ್ನಿಗೆ ಹೋಗುವುದು ವಿಶ್ವಾಸಿಗೆ ತಕ್ಕದ್ದಲ್ಲ ಎಂದು ನಮ್ಮ ಸಭೆಗಳಲ್ಲಿ ಕೆಲವರು ಹೇಳುತ್ತಾರೆ. ಅದಕ್ಕೆ ವೇದದಲ್ಲಿ ಆಧಾರ ನನಗೆ ಎಲ್ಲೂ ಕಂಡಿಲ್ಲ.

ಈ ಕಥೆಯನ್ನು ಹೀಗೆ ಓದುವವಳು ನಾನೊಬ್ಬಳೇ ಅಲ್ಲ. 1838ರ ಫೆಬ್ರವರಿಯಲ್ಲಿ ಆಂಜಲೀನಾ ಗ್ರಿಮ್ಕೆ ಎಂಬಾಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆಯ ಸಮಿತಿಯ ಮುಂದೆ ನಿಂತು ಗುಲಾಮಗಿರಿಯ ವಿರುದ್ಧ ಮಾತಾಡಿದಳು. ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ಶ್ರೀಮಂತ ಮನೆತನದ ಮಗಳು. ಆ ದೇಶದಲ್ಲಿ ಶಾಸನಸಭೆಯ ಮುಂದೆ ಹೆಂಗಸೊಬ್ಬಳು ಮಾತಾಡಿದ್ದು ಅದೇ ಮೊದಲು. ಅವಳು ಮೊದಲಿಗೆ ಎತ್ತಿದ್ದು ಎಸ್ತೇರಳ ಹೆಸರನ್ನೇ. ಆದರೆ ಒಂದು ತಕರಾರಿನ ಜೊತೆ: ಅರಸನ ಮನ ಒಲಿಸಲು ಆ ರಾಣಿ ಅಲಂಕಾರ, ಔತಣಗಳ ದಾರಿ ಹಿಡಿಯಬೇಕಾಯಿತು, ನಮಗೆ ಆ ದಾರಿ ಬೇಡ, ನಿಮ್ಮ ಮನಸ್ಸಾಕ್ಷಿಗೇ ಹೇಳುತ್ತೇನೆ ಎಂದಳು. ಅವಳ ಹಿಂದೆ ಸುಮಾರು 20,000 ಹೆಂಗಸರು ಸಹಿ ಹಾಕಿದ ಮನವಿಗಳಿದ್ದವು. ಮಾದರಿ ಎಂದರೆ ಅಚ್ಚು ಹೊಡೆದಂತೆ ನಡೆಯುವುದಲ್ಲ ಎಂದು ಹೇಳಬೇಕಾದಾಗ ನಾನು ಆಂಜಲೀನಾಳ ಈ ತಕರಾರನ್ನೇ ಹೇಳುತ್ತೇನೆ. ನಿಮಗೂ ರಾಜವಸ್ತ್ರ, ಔತಣ ಯಾವುದೂ ಬೇಕಿಲ್ಲ.

ನಿಮ್ಮದೇ ಕಸುಬಿನವರ ಉದಾಹರಣೆ ಇನ್ನೂ ಹತ್ತಿರದ್ದು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಬೆಂಕಿ, ಲಾಠಿ ಎಲ್ಲವೂ ಆಯಿತು. ಅದನ್ನು ಮುಚ್ಚಿಟ್ಟು ಹೇಳುವುದು ಬೇಡ. ಎರಡನೇ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ನಿಮ್ಮ ಲೈನಿನಲ್ಲೇ ಅಂದು ರಸ್ತೆಯಲ್ಲಿ ನಿಂತವರು ಇರಬಹುದು, ಕೇಳಿ ನೋಡಿ.

ಎಸ್ತೇರಳ ಕಥೆ ಸುಖಾಂತ್ಯ ಎಂದು ಮಾತ್ರ ನಾನು ಹೇಳಲಾರೆ. ಹಾಮಾನ ಸತ್ತರೂ ಅವನ ಆಜ್ಞೆ ಸಾಯಲಿಲ್ಲ. ಅರಸನ ಮುದ್ರೆ ಬಿದ್ದದ್ದನ್ನು ಅರಸನೂ ತೆಗೆಯುವಂತಿರಲಿಲ್ಲ. ಎಂಟನೇ ಅಧ್ಯಾಯದಲ್ಲಿ ಅವಳು ಮತ್ತೊಮ್ಮೆ ಅರಸನ ಕಾಲಿಗೆ ಬಿದ್ದು ಅಳಬೇಕಾಯಿತು, ಯೆಹೂದ್ಯರು ತಮ್ಮನ್ನು ಕಾಪಾಡಿಕೊಳ್ಳಬಹುದು ಎಂಬ ಎರಡನೇ ಆಜ್ಞೆ ಬರೆಸಬೇಕಾಯಿತು. ಒಂಬತ್ತನೇ ಅಧ್ಯಾಯದಲ್ಲಿ ಯೆಹೂದ್ಯರ ಕೈಯಲ್ಲಿ ಸತ್ತವರ ಲೆಕ್ಕ 75,000ಕ್ಕೆ ಹೋಗುತ್ತದೆ, ಶೂಷನ್‌ನಲ್ಲಿ ಇನ್ನೊಂದು ದಿನ ಬೇಕೆಂದು ಕೇಳಿದವಳು ಎಸ್ತೇರಳೇ. ಅದನ್ನು ಓದುವಾಗ ನನಗೆ ಕಸಿವಿಸಿಯಾಗುತ್ತದೆ, ಆಗಲೇಬೇಕು. ನಿಮ್ಮ ವಿಷಯದಲ್ಲಿ ಇದರಿಂದ ತೆಗೆದುಕೊಳ್ಳಬೇಕಾದದ್ದು ಇಷ್ಟೇ: ಒಂದು ಸಲ ಮಾತಾಡಿದ ಕೂಡಲೇ ಎಲ್ಲ ಸರಿಹೋಗುವುದಿಲ್ಲ, ಎರಡನೇ ಸಲ, ಮೂರನೇ ಸಲ ಹೋಗಬೇಕಾಗುತ್ತದೆ.

ಸುಮ್ಮನಿದ್ದರೆ ದೇವರು ಲೆಕ್ಕ ಕೇಳುತ್ತಾನೆಯೇ ಎಂಬುದು ಉಳಿಯಿತು. ಕೇಳಬಹುದು. ಮೊರ್ದೆಕೈಯ ಎಚ್ಚರಿಕೆಯನ್ನು ನಾನು ಮೆತ್ತಗೆ ಮಾಡುವುದಿಲ್ಲ. ಆದರೆ ಅದೇ ಉಸಿರಿನಲ್ಲಿ ಅವನು ಬಿಡುಗಡೆ ಬೇರೆ ಕಡೆಯಿಂದಲೂ ಬಂದೀತು ಎಂದಿದ್ದಾನೆ. ಇಡೀ ಲೈನಿನ ಉದ್ಧಾರ ನಿಮ್ಮೊಬ್ಬರ ತಲೆಯ ಮೇಲಿಲ್ಲ. ನೀವು ಇವತ್ತೇ ಹೋಗಬೇಕು ಎಂದು ನಾನು ಹೇಳಲಾರೆ, ನನ್ನ ಮನೆಯಲ್ಲಿ ಡಯಾಲಿಸಿಸ್ ರೋಗಿ ಇಲ್ಲ. ಪಾಸ್‌ಬುಕ್ ತೆಗೆಯುವುದು, ಇಎಸ್‌ಐ ಕಚೇರಿಗೆ ಹೋಗಿ ಕೇಳುವುದು, ಇವನ್ನಂತೂ ಈ ವಾರವೇ ಮಾಡಿ. ಅವುಗಳಿಗೆ ಯಾರ ದಂಡವೂ ಚಾಚಬೇಕಿಲ್ಲ.

ಆಮೇಲೆ ಒಂದು ದಿನ ಅಯ್ಯನವರ ಮನೆಗೆ ಹೋಗಿ. ಎಸ್ತೇರಳಂತೆ ನಿಲ್ಲಬೇಕು ಎಂದಿರಲ್ಲ, ಅವಳು ಶೂಷನ್‌ನವರನ್ನು ಕೇಳಿದ್ದನ್ನೇ ನಾನು ಸಭೆಯನ್ನು ಕೇಳಲು ಬಂದಿದ್ದೇನೆ ಎನ್ನಿ. ಮೂರು ದಿನದ ಉಪವಾಸ ಪ್ರಾರ್ಥನೆ ಇಡಿಸಿ. ಅರ್ಜಿ ಬರೆದುಕೊಡಲು ಸಭೆಯಲ್ಲಿ ವಕೀಲರೋ ನಿವೃತ್ತ ಗುಮಾಸ್ತರೋ ಇದ್ದರೆ ಜೊತೆ ಮಾಡಿಕೊಡಿ ಎಂದು ಕೇಳಿ. ಒಂದು ವೇಳೆ ಕೆಲಸಕ್ಕೆ ಕುತ್ತು ಬಂದರೆ ಡಯಾಲಿಸಿಸ್ ಖರ್ಚಿಗೆ ಸಭೆಯ ಸಹಾಯ ನಿಧಿಯಿಂದ ಎಷ್ಟು ತಿಂಗಳು ನೆರವು ಸಿಗುತ್ತದೆ ಎಂದೂ ಸಂಕೋಚಪಡದೆ ಕೇಳಿ. ಅವರು ಹೂಂ ಎಂದರೆ ಪ್ರಸಂಗ ಮಾಡಿದ್ದಕ್ಕೆ ಅರ್ಥ ಬಂತು. ಪ್ರಾರ್ಥನೆ ಮಾಡೋಣ ಎಂದಷ್ಟೇ ಹೇಳಿ ಎದ್ದರೆ, ಎಸ್ತೇರಳು ನಾಲ್ಕನೇ ಅಧ್ಯಾಯದ 16ನೇ ವಚನ ತೆಗೆದು, "ಸತ್ತರೆ ಸಾಯುತ್ತೇನೆ" ಎಂಬುದಕ್ಕೆ ಮುಂಚೆ ಇರುವ ಮಾತುಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ.